ಅತ್ತೆಗೆ ಹೇಳಿದ ಕರಡಿಯ ಕತೆ

ತಪ್ಪು ನನ್ನದೇ. ಮಾತ್ರೆಯನ್ನು ಮಾತ್ರೆಯಂತೆ ಕೊಟ್ಟು ಬರುವುದು ಬಿಟ್ಟು ಅದಕ್ಕೊಂದು ಕತೆ ಸುತ್ತಿ ಕೊಟ್ಟೆ.

ಅನ್ನಮ್ಮತ್ತೆ ನನ್ನ ಅಪ್ಪನ ತಂಗಿ. ದೇವದುರ್ಗದಲ್ಲಿ ಹುಟ್ಟಿ, ಮಾನ್ವಿಯ ಅಕ್ಕಿ ಮಿಲ್ಲಿನ ವಿರೂಪಣ್ಣ ಮಾವನನ್ನು ಮದುವೆಯಾಗಿ, ಮೂವತ್ತು ವರ್ಷದಿಂದ ಮಿಲ್ಲಿನ ಹಿಂದಿನ ಮನೆಯಲ್ಲಿ ಇರುವವಳು. ಹೋದ ವರ್ಷ ಅವಳಿಗೆ ತುರಿಕೆ ಶುರುವಾಯಿತು. ಅಂಗೈ, ಅಂಗಾಲು, ಬೆನ್ನು. ಗುಳ್ಳೆಯಿಲ್ಲ, ಕಲೆಯಿಲ್ಲ, ಬರೀ ತುರಿಕೆ. ಮಿಲ್ಲಿನ ಮನೆಯಲ್ಲಿ ತುರಿಕೆ ಅಂದರೆ ಯಾರು ಹೆದರುತ್ತಾರೆ? ಭತ್ತದ ಸುಂಕು, ಹಾರಿ ಬಂದು ಮೈಗಂಟುವ ಆ ನವಿರು ಧೂಳು, ಎಂದರು. ಕೊಬ್ಬರಿ ಎಣ್ಣೆ ಹಚ್ಚಿದರು, ಬೇವಿನೆಲೆ ಕುದಿಸಿದ ನೀರು ಹಾಕಿದರು, ಮಿಲ್ಲಿನ ಕಡೆಯ ಕಿಟಕಿಗೆ ಪರದೆ ಕಟ್ಟಿದರು. ಒಂದು ದಿನ ನಾನು ಹೋದಾಗ ಅತ್ತೆ ರೊಟ್ಟಿ ಬಡಿಯುವುದನ್ನು ನಡುವೆ ನಿಲ್ಲಿಸಿ, ಅಂಗೈಯನ್ನು ಕಟ್ಟೆಯ ಒರಟು ಅಂಚಿಗೆ ಗಸಗಸ ಉಜ್ಜಿಕೊಳ್ಳುತ್ತಿದ್ದಳು. ಕಣ್ಣಿನ ಬಿಳಿಯಲ್ಲಿ ತೆಳ್ಳಗೆ ಅರಿಸಿನ. ಹಠ ಹಿಡಿದು ರಾಯಚೂರಿಗೆ ಕರೆದುಕೊಂಡು ಬಂದೆ.

ಅಲ್ಲಿ ನಾನು ಕೆಲಸ ಮಾಡುವುದು ತೀನ್ ಕಂದೀಲ್ ವೃತ್ತದ ಹತ್ತಿರದ ಒಂದು ಔಷಧಿ ಅಂಗಡಿಯಲ್ಲಿ. ಹದಿನೈದು ದಿನಕ್ಕೊಮ್ಮೆ ಹೈದರಾಬಾದಿನಿಂದ ಬರುವ ಲಿವರ್ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೇಳಿದರು, ಇದು ಸುಂಕಿನದಲ್ಲ, ಪಿತ್ತದ್ದು. ಲಿವರಿನೊಳಗಿನ ಸಣ್ಣ ಸಣ್ಣ ಪಿತ್ತನಾಳಗಳು ಸವೆಯುತ್ತಿವೆ. ಇಳಿಯಲು ದಾರಿ ಸಿಗದ ಪಿತ್ತ ಒಳಗೇ ನಿಂತು ಲಿವರನ್ನು ಸುಡುತ್ತಿದೆ. ಹೀಗೇ ಬಿಟ್ಟರೆ ಕೆಲವು ವರ್ಷಗಳಲ್ಲಿ ಲಿವರ್ ಕಲ್ಲಿನಂತಾಗುತ್ತದೆ. ತಡೆಯಲು ಒಂದು ಮಾತ್ರೆ ಇದೆ, ಅದೂ ಒಂದು ಬಗೆಯ ಪಿತ್ತದ ಆಮ್ಲವೇ, ಆದರೆ ಮೆತ್ತನೆಯದು. ದಿನಕ್ಕೆ ಮೂರು, ಊಟದ ಜೊತೆ. ಪಿತ್ತಕೋಶದಲ್ಲಿ ಸಣ್ಣ ಕಲ್ಲಿದ್ದ ಕೆಲವರಿಗೂ ನಮ್ಮ ಅಂಗಡಿಯಿಂದ ಅದೇ ಮಾತ್ರೆ ಹೋಗುತ್ತದೆ.

ಮೆತ್ತನೆಯ ಪಿತ್ತ ಎಂಬ ಮಾತೇ ನನ್ನನ್ನು ಕೆಡಿಸಿತು. ನಮ್ಮಜ್ಜಿ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವುದಕ್ಕೂ ಒಂದು ಕತೆ ಹೇಳುತ್ತಿದ್ದಳು. ಆ ಚಾಳಿ ನನಗೂ ಹತ್ತಿದೆ.

ಮೊದಲ ತಿಂಗಳ ಮಾತ್ರೆ ಹಿಡಿದು ಮಾನ್ವಿಗೆ ಹೋದಾಗ ಅತ್ತೆ ಅದನ್ನು ಹೊರಳಿಸಿ ಹೊರಳಿಸಿ ನೋಡಿದಳು.

“ಇಷ್ಟ್ ದೊಡ್ಡ ಗುಳಗಿ ಗಂಟಲಾಗ ಇಳೀತದೇನ ವಿಜ್ಜಿ?”

“ಇಳೀತದ ಅತ್ತಿ. ಇದರ ಹಿಂದ ಒಂದು ಕತಿ ಅದ, ಕೇಳು.”

ಹಿಮ ಬೀಳುವ ಸೀಮೆಯಲ್ಲಿ ಒಂದು ಕರಡಿ. ಚಳಿ ಬಂತೆಂದರೆ ಗವಿ ಸೇರಿ ತಿಂಗಳುಗಟ್ಟಲೆ ತುತ್ತು ಅನ್ನವಿಲ್ಲದೆ ಮಲಗುತ್ತದೆ. ಮನುಷ್ಯರು ಅಷ್ಟು ಉಪವಾಸ ಬಿದ್ದರೆ ಪಿತ್ತ ಗಟ್ಟಿಯಾಗಿ ಕಲ್ಲಾದೀತು. ಕರಡಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಅದರ ಪಿತ್ತ ಬೆಣ್ಣೆಯಂತೆ ಮೆತ್ತಗೆ. ಸಾವಿರ ವರ್ಷದ ಹಿಂದೆ ಚೀನಾ ದೇಶದ ವೈದ್ಯನೊಬ್ಬ ಇದನ್ನು ಕಂಡುಕೊಂಡ. ಹೀಗೆ ಕೈ ತಿರುಗಿಸುತ್ತಾ, ದನಿ ಇಳಿಸುತ್ತಾ ಹೇಳಿದೆ. ಸ್ವಲ್ಪ ಓದಿದ್ದು, ಉಳಿದದ್ದು ನನ್ನದು.

“ಕರಡಿದಾ?” ಎಂದಳು ಅತ್ತೆ.

“ಹೂಂ ಮತ್ತ, ಕರಡೀದು!” ಎಂದು ನಕ್ಕು, ಬಸ್ಸು ಹಿಡಿಯಲು ಓಡಿದೆ.

ಮೂರು ತಿಂಗಳಾಯಿತು. ಪ್ರತಿ ತಿಂಗಳೂ ನಾನೇ ಮಾತ್ರೆ ಒಯ್ದು ಕೊಟ್ಟೆ. ಮತ್ತೆ ರಾಯಚೂರಿನಲ್ಲಿ ರಕ್ತ ಕೊಟ್ಟಳು. ಮೊದಲ ಪರೀಕ್ಷೆಯಲ್ಲಿ ಆರುನೂರ ಹನ್ನೆರಡು ಇದ್ದ ಲಿವರಿನ ಅಂಕಿ ಆರುನೂರ ಐವತ್ತಕ್ಕೆ ಏರಿತ್ತು. ನೂರಿಪ್ಪತ್ತರ ಒಳಗಿರಬೇಕಾದದ್ದು. ಡಾಕ್ಟರು ಕನ್ನಡಕ ತೆಗೆದು ಅತ್ತೆಯನ್ನೇ ನೋಡಿದರು.

“ಅಮ್ಮಾ, ಮಾತ್ರೆ ದಿನಾ ತಗೋತಿದ್ದೀರಲ್ಲ?”

“ಹೂಂನ್ರಿ ಸಾಹೇಬ್ರ,” ಎಂದಳು ಅತ್ತೆ, ಸೆರಗಿನೊಳಗೆ ಅಂಗೈ ಕೆರೆಯುತ್ತಾ.

“ಇನ್ನೊಂದು ಮೂರು ತಿಂಗಳು ನೋಡೋಣ. ಇದಕ್ಕೂ ಬಗ್ಗದಿದ್ದರೆ ಹೈದರಾಬಾದಿಗೆ ಬರಬೇಕಾಗುತ್ತೆ. ತಡ ಮಾಡುವ ಹಾಗಿಲ್ಲ.”

ಆ ವಾರ ನನಗೆ ಅಂಗಡಿಯಲ್ಲಿ ಕೈಯೇ ಓಡಲಿಲ್ಲ. ನೂರು ಜನರಿಗೆ ಕೊಡುವ ಮಾತ್ರೆ ನನ್ನ ಅತ್ತೆಗೇ ಏಕೆ ಹತ್ತಲಿಲ್ಲ?

ಉತ್ತರ ಮುಂದಿನ ಭಾನುವಾರ ಸಿಕ್ಕಿತು. ದೇವದುರ್ಗದಲ್ಲಿ ನನ್ನ ತಂಗಿ ಮಲ್ಲೇಶ್ವರಿಯ ಕೂಸಿನ ತೊಟ್ಟಿಲು ಶಾಸ್ತ್ರ. ಅತ್ತೆ-ಮಾವನ ಕಾರಿನಲ್ಲಿ ಹೋಗುವುದೆಂದು ನಾನು ಮಾನ್ವಿಗೆ ಬಂದಿದ್ದೆ. ಅತ್ತೆ ತಲೆ ಬಾಚಿಕೊಳ್ಳುತ್ತಾ, “ಅಲಮಾರ್ಯಾಗ ಹಸರು ಇಳಕಲ್ ಸೀರಿ ಅದ, ತಗದು ಕೊಡ” ಎಂದಳು. ಹಸಿರು ಸೀರೆ ಎಳೆದೆ. ಅದರ ಮಡಿಕೆಯಿಂದ ಮಾತ್ರೆಯ ಪಟ್ಟಿಗಳು ಜಾರಿ ನೆಲಕ್ಕೆ ಬಿದ್ದವು. ಒಂದೂ ಒಡೆದಿರಲಿಲ್ಲ. ಮೂರು ತಿಂಗಳದ್ದು, ರಬ್ಬರ್ ಬ್ಯಾಂಡ್ ಹಾಕಿ, ನಾನು ಕೊಟ್ಟಂತೆಯೇ ಇದ್ದವು.

“ಅತ್ತೀ, ಏನಿದು?”

ಅತ್ತೆ ಬಾಚಣಿಕೆ ಕೆಳಗಿಟ್ಟಳು. ಆಮೇಲೆ ಕೊರಳಿನ ಕರಡಿಗೆಯನ್ನು, ಒಳಗೆ ಇಷ್ಟಲಿಂಗವಿದ್ದ ಆ ಬೆಳ್ಳಿಯ ಪುಟ್ಟ ಸಂಪುಟವನ್ನು, ಹಿಡಿದುಕೊಂಡು ಹೇಳಿದಳು.

“ಲಿಂಗ ಕಟ್ಟಿದ ಕೊರಳಾಗ ಕರಡಿ ಇಳಿಯಂಗಿಲ್ಲ ಮಗಳ. ಮೂರು ದಿನ ಬಾಯಾಗ ಇಟ್ಕೊಂಡು ಉಗುಳಿದೆ... ಇಲ್ಲ, ಸುಳ್ಳಾಕ. ಬಾಯಿಗೂ ಇಡ್ಲಿಲ್ಲ.”

“ಮತ್ತ ನನಗ ಹೇಳಬೇಕಿಲ್ಲೇನು?”

“ಏನಂತ ಹೇಳ್ಲಿ? ನೀ ತಿಂಗಳಾ ಬಿಸಲಾಗ ಬಸ್ಸಿನಾಗ ಹೊತ್ಕೊಂಡು ಬರಾಕಿ. ತಗೊಂಡೆ ಅಂದ್ರ ನಿನ್ನ ಮುಖ ಹಿಗ್ಗತಿತ್ತು.”

ಬಾಗಿಲಲ್ಲಿ ನಿಂತಿದ್ದ ವಿರೂಪಣ್ಣ ಮಾವ ತಲೆ ಹಿಡಿದುಕೊಂಡರು. “ಎಂಥಾ ಹೆಣ್ಮಗಳೇ ಇಕಿ! ಎರಡು ಟನ್ ಭತ್ತ ಹೊಯ್ಕೊಂಡಂಗ ಮಾತಾಡ್ತಾಳ, ಬೇಕಾದ್ ಮಾತು ಒಂದೂ ಆಡಂಗಿಲ್ಲ!” ಆಮೇಲೆ ಕಾರಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದರು. “ವಿಜಯಾ, ಕರಡಿ-ಗಿರಡಿ ಏನಿಲ್ಲ, ಎಲ್ಲಾ ಕಾರ್ಖಾನ್ಯಾಗ ಗಿಡಮೂಲಿಕಿಲೆ ಮಾಡ್ತಾರ ಅಂತ ಹೇಳಿಬಿಡವ್ವಾ. ನೀ ಹೇಳಿದ್ರ ನಂಬ್ತಾಳ. ಒಂದು ಸುಳ್ಳಿನಾಗ ಜೀವ ಉಳೀತದ ಅಂದ್ರ ಅದೇನು ಪಾಪ?”

ನನಗೂ ಅದೇ ಸರಿ ಅನ್ನಿಸಿತು. ದೇವದುರ್ಗದ ತನಕ ಆ ಸುಳ್ಳನ್ನು ಮನಸ್ಸಿನಲ್ಲಿ ತಿದ್ದಿ ತೀಡಿದೆ. ಮಾತ್ರೆಗಳನ್ನೆಲ್ಲ ನನ್ನ ಚೀಲಕ್ಕೆ ಹಾಕಿಕೊಂಡಿದ್ದೆ.

ಅಪ್ಪನ ಮನೆಯ ಹಿತ್ತಲಿನಲ್ಲಿ ಜಂಬಮ್ಮ ಕಾಲು ಚಾಚಿ ಕೂತು ಕೂಸಿಗೆ ನೀರೆರೆಯುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ನಮಗೆಲ್ಲ ಎರೆದದ್ದು ಅವಳ ಕೈಯೇ. ಕೂಸು ಮೈ ಒರೆಸಿಕೊಂಡು ಮಲ್ಲಿಯ ಮಡಿಲಿಗೆ ಬಂದದ್ದೇ ಅತ್ತೆ ಸೊಂಟದ ಚೀಲದಿಂದ ಸಣ್ಣ ಡಬ್ಬಿ ತೆಗೆದಳು. ಅದರಲ್ಲಿ ಕಡಲೆಗಿಂತ ಸ್ವಲ್ಪ ದೊಡ್ಡದಾದ, ಕೆಂಪು ಹಳದಿ ಬಣ್ಣದ ಗಡ್ಡೆ.

“ಸಾಣಿಕಲ್ಲು ಕೊಡ್ರಿ. ಗೋರೋಜನ ತೇಯ್ದು ಒಂದ್ ಹನಿ ನೆಕ್ಕಸ್ತೀನಿ.”

“ಬ್ಯಾಡ ಅತ್ತಿ,” ಎಂದಳು ಮಲ್ಲಿ. “ಆರು ತಿಂಗಳ ತನಕ ಎದಿಹಾಲು ಬಿಟ್ಟು ಏನೂ ಹಾಕಬ್ಯಾಡ ಅಂದಾರ ಆಸ್ಪತ್ರ್ಯಾಗ.”

“ಅಂತಾರ, ಅಂತಾರ! ನಿಮ್ಮಪ್ಪಗ ಇದನ್ನ ನೆಕ್ಕಿಸ್ಯಾರ, ನನಗ ನೆಕ್ಕಿಸ್ಯಾರ, ನಿಮ್ಮಿಬ್ಬರಿಗೂ ನಾನ ಕೈಯಾರ ನೆಕ್ಕಿಸೀನಿ. ಏನಾಗೀರಿ? ಮಾತಾಡೋದೊಂದು ಜಾಸ್ತಿ ಆಗೀರಿ, ಅಷ್ಟ.”

“ಹಣಿಗೆ ಒಂದು ಬೊಟ್ಟು ಇಡು ಅತ್ತಿ, ಸಾಕು,” ಎಂದು ನಾನು ನಡುವೆ ಬಂದೆ.

ಅತ್ತೆ ಗೊಣಗುತ್ತಾ ಸಾಣೆಕಲ್ಲಿಗೆ ನೀರು ಹನಿಸಿದಳು. ಅಷ್ಟರಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದ ಜಂಬಮ್ಮ ಡಬ್ಬಿಯೊಳಗೆ ಬಗ್ಗಿ ನೋಡಿದಳು.

“ಯವ್ವಾ ಅನ್ನಮ್ಮವ್ವಾ, ಇನ್ನೂ ಇಟ್ಕೊಂಡೀರೇನ್ರಿ ಇದನ್ನ? ನಮ್ಮಪ್ಪ ಕೊಟ್ಟಿದ್ದು!”

“ನಿಮ್ಮಪ್ಪ ಎಲ್ಲಿಂದ ತಂದಾನ ಬೇ? ನಮ್ಮವ್ವಂದು ಇದು. ಕಪಿಲಿ ಆಕಳ ಹಣಿಯಾಗ ಬೆಳದು, ತಾನ ಉದುರತದಂತ.”

ಜಂಬಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

“ಹಣಿಯಾಗಂತ! ನಿಮ್ಮ ಹೊಲದ ಎತ್ತು ಸತ್ತಿತ್ತು. ನಮ್ಮಪ್ಪ ಕೊಯ್ದ. ಪಿತ್ತದ ಚೀಲದಾಗ ಸಿಕ್ತು ಇದು. ನಾ ಮೊಣಕಾಲುದ್ದ ಹುಡಿಗಿ, ಜೋಡಿ ಬಂದಿದ್ದೆ. ತೊಳದು, ಅರಿವ್ಯಾಗ ಸುತ್ತಿ, ಇಲ್ಲೇ ಈ ಕಟ್ಟಿ ಮ್ಯಾಲ ಇಟ್ಟ. ಕೈಗೆ ಕೊಡಂಗಿದ್ದಿಲ್ಲಲ್ಲ ಆಗ. ನಿಮ್ಮವ್ವ ಮ್ಯಾಲ ನೀರು ಚಿಮುಕಿಸಿ, ಕಣ್ಣಿಗೊತ್ಕೊಂಡು ಒಳಗ ಒಯ್ದ್ಲು. ಎರಡು ಸೇರು ಸಜ್ಜಿ ಕೊಟ್ಟಿದ್ಲು ನಮಗ.”

ಸಾಣೆಕಲ್ಲಿನ ಮೇಲೆ ಅತ್ತೆಯ ಬೆರಳು ನಿಂತುಹೋಯಿತು. ಕಲ್ಲಿನ ನಡುವೆ ಹಳದಿ ಗಂಧ ಹಾಗೇ ಹರಡಿತ್ತು. ನಾನು ಅಂಗಡಿಯಲ್ಲಿ ದಿನಾ ಔಷಧಿ ಎಣಿಸಿ ಕೊಡುವವಳು, ನನಗೂ ಇದು ಹೊಳೆದಿರಲಿಲ್ಲ. ನಮ್ಮ ಮನೆಯ ಕೂಸುಗಳೆಲ್ಲ ಮೊದಲು ನೆಕ್ಕಿದ್ದು ಒಂದು ಎತ್ತಿನ ಪಿತ್ತದ ಕಲ್ಲನ್ನು.

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

“ವಿಜ್ಜೀ, ಖರೇ ಹೇಳು. ನಿನ್ನ ಗುಳಗಿ ಎದರದು?”

ಹಿಂದೆ ಮಾವ ಕೆಮ್ಮಿದರು. ದಾರಿಯುದ್ದಕ್ಕೂ ತೀಡಿದ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅತ್ತೆ ನನ್ನ ಕತೆಯನ್ನು ನಂಬಿಯೇ ಮೂರು ತಿಂಗಳು ಕಳೆದುಕೊಂಡಿದ್ದಳು. ಇನ್ನೊಂದು ಕತೆ ಕಟ್ಟಲು ಬಾಯಿ ಬರಲಿಲ್ಲ.

“ಕರಡಿದಲ್ಲ ಅತ್ತಿ. ಹಿಂದಕ ಅದರಾಗ ಸಿಕ್ಕಿದ್ದು ಖರೆ, ಈಗ ಅದರಿಂದ ಮಾಡಂಗಿಲ್ಲ. ಈಗ ಹೆಚ್ಚಾಗಿ ದನದ ಪಿತ್ತ ತಂದು, ಕಾರ್ಖಾನ್ಯಾಗ ಸೋಸಿ, ಬದಲಿಸಿ, ಬಿಳೀ ಪುಡಿ ಮಾಡ್ತಾರ. ಆದ್ರ ಶುರು ಆಗೋದು ಅಲ್ಲಿಂದನ. ಗಿಡಮೂಲಿಕಿ ಅಂತ ಹೇಳು ಅಂದಿದ್ರು ಮಾವ. ಹೇಳಾಕ ಆಗವಲ್ದು.”

ಅತ್ತೆ ಎದ್ದು ಕೈ ತೊಳೆದುಕೊಂಡಳು. ಕೂಸಿಗೆ ಬೊಟ್ಟು ಇಡಲಿಲ್ಲ. ಒಳಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡಳು.

“ಆತಲ್ಲ ಈಗ!” ಎಂದರು ಮಾವ. ಬೈಯಲಿಲ್ಲ, ಕಟ್ಟೆಯ ಮೇಲೆ ಕುಸಿದು ಕೂತರು. ಜಂಬಮ್ಮ, “ನಾ ಏನರ ತಪ್ಪು ಮಾತಾಡಿದ್ನೇನವ್ವಾ?” ಎಂದು ನನ್ನ ಮುಖ ನೋಡಿದಳು. ತೊಟ್ಟಿಲು ಕಟ್ಟಿದರು, ಹೆಂಗಸರು ಹಾಡಿದರು, ಕೂಸನ್ನು ತೊಟ್ಟಿಲಿನ ಅಡಿಗೊಮ್ಮೆ ಮೇಲಕ್ಕೊಮ್ಮೆ ದಾಟಿಸಿದರು. ಅತ್ತೆ ಹೊರಗೆ ಬಂದು ಹಾಡಿಗೆ ದನಿಗೂಡಿಸಿ ಮತ್ತೆ ಒಳಗೆ ಹೋದಳು. ಹೋಳಿಗೆಯ ಪಂಕ್ತಿ ಕೂತಾಗ ಅವಳ ಎಲೆಯ ಮುಂದೆ ಯಾರೂ ಇರಲಿಲ್ಲ.

ನಾನು ಬಾಗಿಲು ತಳ್ಳಿದೆ. ಅತ್ತೆ ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಇಡುತ್ತಿದ್ದಳು. ಹಣೆಯಲ್ಲಿ ಹಸಿ ವಿಭೂತಿ.

“ಕುಂದ್ರು,” ಎಂದಳು. “ಒಂದ್ ಮಾತು ಕೇಳ್ತೀನಿ. ನೀ ಹುಟ್ಟಿದ ಒಂಬತ್ತನೇ ದಿನಕ್ಕ ಮೈಯೆಲ್ಲಾ ಅರಿಸಿನ ಆಗಿತ್ತು. ಅಳಾಕೂ ತ್ರಾಣಿದ್ದಿಲ್ಲ, ಆ ಗೋರೋಜನಾನ ನೆಕ್ಕಿಸಿದೆ. ಅವತ್ತ ಯಾರರ ಇದು ಹುಲಿ ಹಾಲು ಅಂತ ತಂದು ಕೊಟ್ಟಿದ್ರೂ ನಾ ನಿನ್ನ ಬಾಯಿಗೆ ಹಾಕತಿದ್ದೆ. ಎದರದು, ಎಲ್ಲೀದು ಅಂತ ಕೇಳತಿದ್ದಿಲ್ಲ.”

ಅತ್ತೆ ಕರಡಿಗೆಯ ಮುಚ್ಚಳ ಒತ್ತಿ ಮುಚ್ಚಿದಳು.

“ಕೂಸಿನ ಜೀವ ಅಂದ್ರ ಕೇಳಲಿಲ್ಲ. ನಂದು ಅಂದ ಕೂಡ್ಲೆ ಮಡಿ ನೆಪ್ಪಾತು. ನನ್ನ ಜೀವಕ್ಕ ಅಷ್ಟೂ ಕಿಮ್ಮತ್ತಿಲ್ಲೇನು? ಇಷ್ಟೊತ್ತು ಲಿಂಗಯ್ಯನ್ನ ಕೈಯಾಗ ಇಟ್ಕೊಂಡು ಅದನ್ನ ಕೇಳಿದೆ.”

“ಏನಂದ ಲಿಂಗಯ್ಯ?”

“ಅಂವೇನಂತಾನ, ನಿನ್ನಂಗ ಕತಿ ಹೇಳಾಂವಲ್ಲ. ಸುಮ್ಮನ ಕುಂತಿದ್ದ. ಸುಮ್ಮನಿದ್ರ ಒಪ್ಪಿದಂಗ.” ಅತ್ತೆಯ ತುಟಿಯಂಚಿನಲ್ಲಿ ನಗು ಬಂತು. ಎದ್ದು ಸೀರೆ ಕೊಡವಿದಳು. “ಊಟದ ಜೋಡಿ ಅಂದಿದ್ರಲ್ಲ ಡಾಕ್ಟರು? ಹೋಳಿಗಿಗೆ ನಡೀತದೋ, ಅದಕ್ಕೂ ಏನರ ಅಡ್ಡಿ ಅದನೋ?”

“ಒಂದ್ ಹೋಳಿಗಿಗೆ ನಡೀತದ. ತುಪ್ಪದಾಗ ಈಜಬ್ಯಾಡ.”

ಪಂಕ್ತಿಯಲ್ಲಿ ಕೂತು ಅತ್ತೆ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡಳು. “ಯಾವ ದನಾನೋ ನನ್ನಪ್ಪಾ, ನಿನಗ ಶರಣು,” ಎಂದು ಹಣೆಗೆ ಮುಟ್ಟಿಸಿ ನೀರಿನೊಂದಿಗೆ ನುಂಗಿದಳು. ಆಮೇಲೆ ಹಿತ್ತಲಿನ ಕಡೆ ಕತ್ತು ಚಾಚಿ ಕೂಗಿದಳು. “ಜಂಬಮ್ಮಾ, ಅಲ್ಲೇನ್ ಮಾಡ್ತಿ? ಬಾ, ನನ್ನ ಮಗ್ಗಲ ಎಲಿ ಹಾಕ್ಯಾರ!” ಎಲೆ ಹಾಕಿರಲಿಲ್ಲ. ಮಾವನೇ ಓಡಿ ಹೋಗಿ ತಂದು ಹಾಕಿದರು. ಈ ಮನೆಯ ಪಂಕ್ತಿಯಲ್ಲಿ ಎಂದೂ ಕೂರದ ಜಂಬಮ್ಮ ಒಂದು ಗಳಿಗೆ ಹೊಸ್ತಿಲಲ್ಲಿ ಅನುಮಾನಿಸಿ, ಬಂದು ಕೂತಳು.

ಆರು ತಿಂಗಳು ಅತ್ತೆ ಒಂದು ಹೊತ್ತೂ ತಪ್ಪಿಸಲಿಲ್ಲ. ಒಪ್ಪತ್ತಿನ ಸೋಮವಾರಗಳನ್ನು ಸಹ ಡಾಕ್ಟರನ್ನು ಕೇಳಿಯೇ ನಿಲ್ಲಿಸಿದಳು. ತುರಿಕೆ ಪೂರ್ತಿ ಹೋಗಿಲ್ಲ, ಅದಕ್ಕೆ ಬೇರೆ ಪುಡಿ ಕೊಟ್ಟಿದ್ದಾರೆ. ಆದರೆ ಮೊನ್ನೆ ರಕ್ತದ ಕಾಗದ ಬಂದಾಗ ಅಂಕಿ ಇನ್ನೂರ ಎಂಬತ್ತಕ್ಕೆ ಇಳಿದಿತ್ತು. ಡಾಕ್ಟರು ಎರಡು ಸಲ ನೋಡಿ ಮೇಜು ತಟ್ಟಿದರು.

“ಚೆನ್ನಾಗಿ ಇಳಿದಿದೆ ಅಮ್ಮಾ. ಇನ್ನೂ ಇಳಿಯಬೇಕು. ಆದರೆ ಒಂದು ಮಾತು, ಈ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಇರೋ ತನಕ ತಗೋಬೇಕು.”

ನಾನು ಅತ್ತೆಯ ಮುಖ ನೋಡಿದೆ. ಇರುವ ತನಕ ಎಂದರೆ ಯಾರಿಗೆ ಸಂಕಟವಾಗುವುದಿಲ್ಲ? ಮಾವ ಕೂಡ ತಲೆ ತಗ್ಗಿಸಿದರು. ಅತ್ತೆ ಮಾತ್ರ ಹೊರಗೆ ಬಂದು, ಆಸ್ಪತ್ರೆಯ ಮೆಟ್ಟಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ನಮ್ಮಿಬ್ಬರನ್ನೂ ನೋಡಿ ಗದರಿದಳು.

“ಯಾಕ ಮಾರಿ ಸಪ್ಪಗ ಮಾಡ್ಕೊಂಡೀರಿ? ಇರೋತನಕ ತಗೋಬೇಕು ಅಂದ್ರ, ನಾ ಇರ್ತೀನಿ ಅಂತನ ಅಲ್ಲೇನು ಡಾಕ್ಟರು ಹೇಳಿದ್ದು!”