ಒಗ್ಗರಣೆ ಕುಡಿದ ಗಾಜು

ತಳೇಗಾಂವದ ಗಾಜಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಕೇತಕಿ, ತಾನೇ ಲೇಪ ಹಚ್ಚಿದ ಅಂಗೈ ಅಗಲದ ಗಾಜೊಂದನ್ನು ಮನೆಗೆ ತಂದಿದ್ದಳು. ಅದು ಬೆಳಕಿಗೆ ಹೊಳೆಯುತ್ತಿರಲಿಲ್ಲ, ಎದುರು ಹಿಡಿದರೆ ಮುಖವೂ ಕಾಣುತ್ತಿರಲಿಲ್ಲ; ಆ ಲೇಪದ ಗುಣವೇ ಅದು. ಬಂದವರಿಗೆಲ್ಲ ತೋರಿಸಲೆಂದು ಇಂದೂ ಎಂಬ ಅವಳ ತಾಯಿ ಅದನ್ನು ಒಲೆಯ ಮೇಲಿನ ಹಲಗೆಯಲ್ಲಿ ಒರಗಿಸಿಟ್ಟಿದ್ದಳು.

ಇವತ್ತು ಕಾರ್ಖಾನೆಗೆ ಬರುವ ಗಿರಾಕಿಗೆ ತೋರಿಸಬೇಕೆಂದು ಕೇತಕಿ ಅದನ್ನು ಕೈಗೆತ್ತಿಕೊಂಡರೆ, ಗಾಜಿನೊಳಗೆ ಅವಳ ಮುಖ ಸ್ಪಷ್ಟವಾಗಿ ಕಂಡಿತು.

"ಅವ್ವಾ, ಇದನ್ನ ತಿಕ್ಕಿದೇನು?"

"ದೇವರಾಣೆ ಮುಟ್ಟಿಲ್ಲವ್ವಾ. ಪಕ್ಕದ ಮನಿ ಸ್ನೇಹಲ್‌ಗೂ ಮುಟ್ಟಗೊಡಲಿಲ್ಲ."

ಕೇತಕಿ ಗಾಜನ್ನು ಮೂಗಿನ ಹತ್ತಿರ ಹಿಡಿದಳು. ಇಂಗಿನ ವಾಸನೆ ಬಂತು.

"ಈ ಲೇಪದ ತುಂಬ ಕಣ್ಣಿಗೆ ಕಾಣದ ತೂತು ಅದಾವ. ನಿನ್ನ ಒಗ್ಗರಣಿ ಹೊಗಿ ಎಲ್ಲಾ ಕುಡದು ಕೂತದ. ತೂತು ತುಂಬಿದ್ರ ಇದು ಬರೇ ಗಾಜು."

ಇಂದೂ ಸೆರಗಿಗೆ ಕೈ ಒರೆಸಿಕೊಂಡಳು. "ನಮ್ಮವ್ವ ಕೆಡಸಿದ್ಲು ಅಂತ ಹೇಳಿಬಿಡು. ಬ್ಯಾರೆ ತುಂಡು ತೋರಸು."

"ಬ್ಯಾರೆ ತುಂಡೇನೋ ಅದಾವ. ಆದ್ರ ಅವರಿಗೆ ಗಾಜು ಬೇಕಾಗಿದ್ದು ಎದಕ್ಕ ಗೊತ್ತೇನು? ಓವನ್ ಬಾಗಲಕ್ಕ. ಅಡಿಗಿಮನ್ಯಾಗೇ ಇರೋದು ಅದು."

ಇಂದೂಗೆ ನಗು ಬಂತು. ಮಗಳ ಮುಖ ನೋಡಿ ನುಂಗಿಕೊಂಡಳು.

ಕೇತಕಿ ಆ ಗಾಜನ್ನೇ ಕಾಗದದಲ್ಲಿ ಸುತ್ತಿ ಚೀಲಕ್ಕಿಟ್ಟಳು. "ಹೊಸಾದು, ಇದು, ಎರಡೂ ತೋರಸ್ತೀನಿ. ಲೇಪ ಇನ್ನೂ ಪಕ್ಕಾ ಆಗಿಲ್ಲ ಅಂತೀನಿ."

"ಆರ್ಡರ್ ಹೋದ್ರ?"

"ಹೋಗ್ಲಿ. ಓವನ್ ಕೊಂಡ ಮಂದಿ ಆಮ್ಯಾಲ ಬೈಯೋದಕ್ಕಿಂತ ಚಲೋ."

ಇಂದೂ ಊಟದ ಡಬ್ಬಿ ಅವಳ ಕೈಗಿಟ್ಟಳು. "ಇನ್ನೊಂದು ಮಾಡಿದಾಗ ತಂದುಕೊಡು. ಅದರ ಕೆಳಗ ಹಪ್ಪಳಾನೂ ಕರದು ನೋಡ್ತೀನಿ."