ಹೇಸಿಗೆಗೆ ಮದ್ದು

ಹಂಡೆಯಲ್ಲಿ ಸೂಪು ಕುದಿ ಬಂದರೆ ಸಾಕು, ಅಡುಗೆಯವಳಿಗೆ ಕರುಳು ಬಾಯಿಗೆ ಬರುತ್ತಿತ್ತು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹನ್ನೊಂದು ವರ್ಷ ಸೌಟು ಹಿಡಿದವಳು ಈಗ ಮೂರು ವಾರದಿಂದ ಮೂಗು ಮುಚ್ಚಿಕೊಂಡು ಹಿಂದಿನ ಮೋರಿಗೆ ಓಡುತ್ತಿದ್ದಳು. ಕ್ಯಾಂಟೀನಿನ ಗುತ್ತಿಗೆ ಅವಳ ಗಂಡನ ಅಣ್ಣನದು. ಗಂಡ ಓಡಿಸುವ ವ್ಯಾನು ಅವನದು, ಇವರಿದ್ದ ಮನೆಯೂ ಅವನದೇ. ಹಾಗಾಗಿ ಅವಳ ಹೊಟ್ಟೆ ತೊಳಸಿದರೆ ಇಡೀ ಸಂಸಾರದ ಬುಡ ಅಲ್ಲಾಡುತ್ತಿತ್ತು.

ಕಾರಣ ಅವಳಿಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು. ಒಂದು ಮಂಗಳವಾರ ತಳ ಕದಡುವಾಗ ಸೌಟಿಗೆ ಇಲಿ ಸಿಕ್ಕಿತ್ತು. ಬೆಂದು ಕೂದಲುದುರಿದ, ಅಂಗೈಯುದ್ದದ ಇಲಿ. ಹಂಡೆಯ ಮುಚ್ಚಳ ಮುರಿದು ಆರು ತಿಂಗಳಾಗಿದ್ದರೂ ಹೊಸದು ತರಲು ಭಾವನಿಗೆ ಪುರುಸೊತ್ತಿರಲಿಲ್ಲ. ಅವನು ಬಾಲ ಹಿಡಿದೆತ್ತಿ ಚೀಲಕ್ಕೆ ಹಾಕಿದ.

"ಕುದ್ದ ಮೇಲೆ ಎಲ್ಲಾ ಶುದ್ಧ ಕಣಮ್ಮಾ. ಸೋಸಿಬಿಡು. ಮುನ್ನೂರು ಜನ ಕಾಯ್ತಿದಾರೆ."

ಅವಳು ಸೋಸಿದಳು. ಸೋಸಿದ್ದಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಬಡಿಸುವ ಮುಂಚೆ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿ ಉಪ್ಪು ನೋಡುವುದು ಅವಳ ರೂಢಿ. ಕೈ ತನ್ನ ಪಾಡಿಗೆ ತಾನು ಅದನ್ನೂ ಮಾಡಿಬಿಟ್ಟಿತು. ಉಪ್ಪು ಹದವಾಗಿತ್ತು. ಥೂ! ಅಂದು ಹೆರಿಗೆ ವಾರ್ಡಿನವರು ಕೇಳಿ ಕೇಳಿ ಹಾಕಿಸಿಕೊಂಡರು. ಯಾರಿಗೂ ಒಂದು ಸೀನು ಕೂಡ ಬರಲಿಲ್ಲ.

ಭಾವನಿಗೆ ಇಲಿ ಮರೆತೇ ಹೋದಂತಿತ್ತು, ಇವಳ ವಾಂತಿ ಮಾತ್ರ ಕಾಣುತ್ತಿತ್ತು. ಮೂರನೇ ಮಹಡಿಯಲ್ಲಿ ಹಿಪ್ನಾಸಿಸ್ ಮಾಡುವ ಡಾಕ್ಟರಮ್ಮನ ಹತ್ತಿರ ಅವನೇ ಎಳೆದುಕೊಂಡು ಹೋದ.

"ಇವಳ ಕೈರುಚಿ ಬೇರೆಯವರಿಗೆ ಬರಲ್ಲ ಡಾಕ್ಟ್ರೇ. ಈ ಅಸಹ್ಯ ಒಂದನ್ನ ತೆಗೆದುಬಿಡಿ," ಎಂದು ಹಲ್ಲು ಕಿರಿದು, ಬಾಗಿಲಾಚೆ ಬೆಂಚಿನ ಮೇಲೆ ಕೂತ. ಆ ಹಲ್ಲುಗಳನ್ನು ನೋಡಿದರೂ ಅವಳಿಗೆ ಓಕರಿಕೆ ಬಂತು.

ತೂಗಾಡುವ ಗಡಿಯಾರ, ದುರುಗುಟ್ಟುವ ಕಣ್ಣು ಇರಬಹುದೆಂದುಕೊಂಡಿದ್ದಳು. ಅದೇನೂ ಇರಲಿಲ್ಲ. ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು.

"ಇದು ನಿದ್ದೆ ಅಲ್ಲಮ್ಮ. ಎಲ್ಲಾ ಕೇಳಿಸ್ತಿರುತ್ತೆ. ಕ್ಯಾನ್ಸರ್ ಔಷಧಿಯಿಂದ ವಾಂತಿ ಆಗೋರಿಗೆ, ಸುಟ್ಟ ಗಾಯಕ್ಕೆ ಡ್ರೆಸಿಂಗ್ ಮಾಡಿಸ್ಕೊಳ್ಳೋರಿಗೆ ಇದರಿಂದ ಎಷ್ಟೋ ಹಗುರ ಆಗುತ್ತೆ. ನಾನು ದಾರಿ ತೋರಿಸ್ತೀನಿ ಅಷ್ಟೇ, ನಡೆಯೋದು ನೀವು. ಏನಾದ್ರೂ ಹೆದರಿಕೆ ಆಗಿತ್ತಾ, ಶುರುವಾಗೋಕೆ ಮುಂಚೆ?"

"ಇಲ್ಲ ಮೇಡಂ," ಎಂದಳು. ನಾಲಿಗೆಯ ತುದಿಗೆ ಬಂದ ಇಲಿಯನ್ನು ಒಳಗೇ ನುಂಗಿದಳು.

ಕಣ್ಣು ಮುಚ್ಚಿ ಉಸಿರು ನಿಧಾನವಾದ ಮೇಲೆ ಒಂದು ಗ್ಯಾಸ್ ಒಲೆಯನ್ನು ನೆನೆಸಿಕೊಳ್ಳಲು ಹೇಳಿದರು. ಉರಿಯುವುದೇ ಅವಳ ಹೇಸಿಗೆ. ತಿರುಗಿಸುವ ಗುಂಡಿ ಅವಳ ಕೈಯಲ್ಲಿ. ಉರಿ ಒಂಬತ್ತರಲ್ಲಿತ್ತು. ಆರಕ್ಕೆ ಇಳಿಸಿದಳು. ನಾಲ್ಕಕ್ಕೆ ಇಳಿಯುವಾಗ ಭುಜ ಸಡಿಲವಾಯಿತು. ಎರಡಕ್ಕೆ ಬಂದಾಗ ಸೂಪಿನ ವಾಸನೆ ಮೂಗಿಗೆ ಹಿತವಾಗಿ ತಾಕಿತು. ಇಷ್ಟು ದಿನ ಒಂದು ತುತ್ತು ಸರಿಯಾಗಿ ಇಳಿಯದಿದ್ದವಳಿಗೆ ಹಸಿವಾಯಿತು.

ಅಷ್ಟರಲ್ಲಿ ಆ ಒಲೆಯ ಮೇಲಿನ ಹಂಡೆಯೊಳಗೆ ಇಲಿ ತೇಲಿ ಬಂತು. ಅವಳಿಗೆ ಏನೂ ಅನಿಸಲಿಲ್ಲ. ಕೈ ಸೋಸುವ ಬಟ್ಟೆಗೆ ಹೋಯಿತು, ಅಂಗೈ ನಾಲಿಗೆಗೆ ಹೋಯಿತು. ಉಪ್ಪು ಹದವಾಗಿತ್ತು. ಮುನ್ನೂರು ಬಟ್ಟಲುಗಳಿಗೆ ಅವಳೇ, ನಗುತ್ತಾ, ಬಡಿಸುತ್ತಿದ್ದಳು.

ಆಗ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಭಾವನಿಗೆ ಬೇಕಾದದ್ದು ಇದೇ ಹೆಂಗಸು: ಮೂಗಿಲ್ಲದ, ಹೊಟ್ಟೆಯಿಲ್ಲದ ಎರಡು ಕೈ. ಗುಂಡಿಯನ್ನು ಹಿಡಿದು ಗಿರ್ರೆಂದು ಪೂರ್ತಿ ಮೇಲಕ್ಕೆ ತಿರುಗಿಸಿ ಕಣ್ಣು ಬಿಟ್ಟಳು.

"ಇಳಿಸಬೇಡಿ ಮೇಡಂ. ಇದು ಇರಲಿ ನಂಗೆ."

"ಯಾಕಮ್ಮ? ಚೆನ್ನಾಗಿ ಇಳೀತಿತ್ತಲ್ಲ?"

ವ್ಯಾನು, ಮನೆ, ಗಂಡ ಒಂದೊಂದಾಗಿ ಕಣ್ಣ ಮುಂದೆ ಬಂದು ಹೋದವು. ಆದರೂ ಹೇಳಿಬಿಟ್ಟಳು. ಇಲಿಯ ಉದ್ದ, ಉದುರಿದ ಕೂದಲು, ಸೋಸಿದ ಬಟ್ಟೆ, ಭಾವನ ಮಾತು, ಒಂದನ್ನೂ ಬಿಡಲಿಲ್ಲ. ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಂತಿತು.

"ಯಾವತ್ತು ಇದು?"

"ಮೂರು ವಾರದ ಹಿಂದೆ, ಮಂಗಳವಾರ."

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. ಒಂದು ಕೈಯಲ್ಲಿ ಫೋನೆತ್ತಿ, ಸೂಪರಿಂಟೆಂಡೆಂಟರಿಗೆ ಇವತ್ತಿನ ಊಟ ನಿಲ್ಲಿಸಿ, ಅಡುಗೆಮನೆಗೆ ಬೀಗ ಹಾಕಿ ಎಂದಷ್ಟೇ ಹೇಳಿದರು. ಇನ್ನೊಂದು ಕೈ ಬಾಯಿಗೆ ಹೋಗಿತ್ತು. ಫೋನು ಇಟ್ಟವರೇ ಮೂಲೆಯ ಬೇಸಿನ್ನಿಗೆ ಓಡಿದರು.

ಅವಳು ನಲ್ಲಿ ತಿರುಗಿಸಿ ಕೊಟ್ಟು, ಬೆನ್ನು ನೀವಿ, ಅವರು ತೇಕುತ್ತಾ ಹೇಳಿದ್ದನ್ನು ಕೇಳಿಸಿಕೊಂಡು ಹೊರಗೆ ಬಂದಳು. ಭಾವ ಬೆಂಚಿನಿಂದ ಎದ್ದ.

"ವಾಸಿ ಆಯ್ತೇನಮ್ಮಾ? ಮತ್ತೆ ಒಳಗೆ ಯಾರು ಅದು ವಾಂತಿ ಮಾಡ್ಕೊಳ್ತಿರೋದು?"

"ಡಾಕ್ಟ್ರು ಭಾವ. ಮಂಗಳವಾರ ಎರಡು ಬಟ್ಟಲು ಕುಡಿದಿದ್ರಂತೆ."