ಒಂದು ಒತ್ತಿ

ನನಗೆ ನಲವತ್ತೇಳು ವರ್ಷ, ಗಂಡ ತೀರಿಕೊಂಡು ಒಂಬತ್ತು ವರ್ಷ. ಇಷ್ಟು ತಿಳಿದಿದ್ದರೆ ಸಾಕು, ಆವತ್ತು ಬೆಳಿಗ್ಗೆ ಬಾಗೂರಿನ ಹಾಲಿನ ಡೈರಿ ಮುಂದೆ ನನ್ನ ಮಾನ ಹೇಗೆ ಹರಾಜಾಯಿತು ಅನ್ನುವುದು ನಿಮಗೇ ಅರ್ಥವಾಗುತ್ತದೆ.

ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದೆ. ಫೋನು ಬಡಿದುಕೊಂಡಿತು. ತೆಗೆಯುವ ಆತುರದಲ್ಲಿ ಹೆಬ್ಬೆರಳು ಎಲ್ಲೋ ತಾಗಿ ಸ್ಪೀಕರ್ ಆನ್ ಆಯಿತು. ಜೇನಿನಂಥ ದನಿಯ ಹುಡುಗಿಯೊಬ್ಬಳು ಸಾಲಿಗೆಲ್ಲ ಕೇಳುವಂತೆ ಉಲಿದಳು: "ಅಭಿನಂದನೆಗಳು ತಾಯಿ! ನಿಮ್ಮ ಗರ್ಭಕ್ಕೆ ಈಗ ಹದಿಮೂರು ವಾರ. ಮಗು ಚೆನ್ನಾಗಿದ್ದರೆ ಒಂದು ಒತ್ತಿ. ಗರ್ಭ ಉಳಿದಿಲ್ಲದಿದ್ದರೆ ಎರಡು ಒತ್ತಿ."

ನಾನು ಏನೂ ಒತ್ತಲಿಲ್ಲ. ಫೋನನ್ನು ಸೆರಗಿನೊಳಗೆ ತುರುಕಿದೆ. ಅದು ಅಲ್ಲಿಂದಲೇ ಇನ್ನೊಂದು ಸಲ ಅಭಿನಂದಿಸಿತು.

"ಅಯ್ಯಯ್ಯೋ ಪುಟ್ಟತಾಯಮ್ಮ!" ದಾಕ್ಷಾಯಣಮ್ಮನ ಬಾಯಿಗೆ ಬೀಗವೇ ಇಲ್ಲ. "ಊರ್ ಬಸ್ರೀರ್ಗೆಲ್ಲ ತಾಯಿ ಕಾರ್ಡ್ ಮಾಡ್ಸಿ ಮಾಡ್ಸಿ, ನೀವೂ ಒಂದ್ ಮಾಡುಸ್ಕಂಡ್ರಾ?"

ಸಾಲಿಗೆ ಸಾಲೇ ನಕ್ಕಿತು. ಎಲ್ಲರಿಗಿಂತ ಹಿಂದೆ ನಿಂತಿದ್ದ ಮುದ್ದಮ್ಮನೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅದನ್ನು ನೋಡಿ ನನ್ನ ಹೊಟ್ಟೆ ಉರಿದುಹೋಯಿತು. ಯಾಕೆಂದರೆ ಆ ಹದಿಮೂರು ವಾರದ ಕೂಸು ಅವಳ ಮನೆಯದೇ. ಅವಳ ಸೊಸೆ ರಂಜಿನಿಯದು.

ನಾನು ಈ ಊರಿನ ಆಶಾ ಕಾರ್ಯಕರ್ತೆ. ರಂಜಿನಿಗೆ ಹಿಂದೆ ಎರಡು ಸಲ ಮೂರು ತಿಂಗಳು ತುಂಬಿ ಬಸಿರು ಇಳಿದುಹೋಗಿತ್ತು. ಎರಡು ಸಲವೂ ಮುದ್ದಮ್ಮ ಖುಷಿ ತಡೆಯಲಾರದೆ ಹೊಳೆನರಸೀಪುರದ ಬೀಗರವರೆಗೆ ಸುದ್ದಿ ಮುಟ್ಟಿಸಿದ್ದಳು. ಎರಡು ಸಲವೂ ಅಷ್ಟೇ ಜನ ಬಂದು ಅಯ್ಯೋ ಪಾಪ ಅಂದು ಹೋದರು. ಈ ಸಲ ಹುಡುಗಿ ನನ್ನ ಕೈ ಹಿಡಿದುಕೊಂಡು, "ಐದು ತುಂಬೋಗಂಟ ಯಾರ್ಗೂ ಬ್ಯಾಡ ಅಕ್ಕ, ನಮ್ಮತ್ತೆಗೂ ಬ್ಯಾಡ" ಅಂದಳು. ಅವಳ ಗಂಡ ನಾಗೇಶನನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತು.

ಆದರೆ ತಾಯಿ ಕಾರ್ಡಿನ ಫಾರ್ಮಿಗೆ ಫೋನ್ ನಂಬರ್ ಬೇಕು, ನಂಬರಿಗೆ ಓಟಿಪಿ ಬರಬೇಕು. ಅವರ ಮನೆಯಲ್ಲಿರುವ ಒಂದೇ ಒಂದು ಫೋನು ಮುದ್ದಮ್ಮನ ಸೊಂಟದಲ್ಲಿ. ನಾನು ಜಾಣೆ ಅಂದುಕೊಂಡು ನನ್ನ ನಂಬರ್ ಹಾಕಿದೆ. ಚನ್ನರಾಯಪಟ್ಟಣದಲ್ಲಿ ಗುರುತಿನವರು ಸಿಗುತ್ತಾರೆಂದು ಸ್ಕ್ಯಾನಿಂಗಿಗೆ ಹಾಸನಕ್ಕೇ ಕರೆದುಕೊಂಡು ಹೋದೆ. ಶಾಂತಿಗ್ರಾಮದಲ್ಲಿ ಯಾರಾದರೂ ಹತ್ತಿಯಾರೆಂದು ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದೆವು. ಅಲ್ಲಿಯೂ ನನ್ನ ನಂಬರನ್ನೇ ಕೊಟ್ಟೆ. ಮನುಷ್ಯರ ಕಣ್ಣು ತಪ್ಪಿಸಲು ಇಷ್ಟೆಲ್ಲ ಮಾಡಿದವಳು ಕೈಯಲ್ಲಿದ್ದ ಫೋನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಆಮೇಲೆ ಶುರುವಾಯಿತು. ಬಸುರಿಯರ ಪುಡಿ ಮಾರುವವರು, ಡೈಪರ್ ಮಾರುವವರು, ಹುಟ್ಟದ ಮಗುವಿಗೆ ವಿಮೆ ಮಾಡಿಸುವವರು. ರಾಗಿ ಮುದ್ದೆ ತಿರುವುವಾಗ, ಸಂಘದ ಸಭೆಯಲ್ಲಿ, ಬಚ್ಚಲಿನಲ್ಲಿರುವಾಗ. ನಂಬರ್ ಕೊಟ್ಟವರು ಯಾರೆಂದು ಕೇಳಿದರೆ ತಾಯಿ ಕಾರ್ಡಿನ ಆಫೀಸಿನವರು ಸ್ಕ್ಯಾನಿಂಗಿನವರತ್ತ ಕೈ ತೋರಿಸಿದರು, ಸ್ಕ್ಯಾನಿಂಗಿನವರು ಆಫೀಸಿನತ್ತ. ಪುಡಿ ಮಾರುವವನು ಮಾತ್ರ ಮರ್ಯಾದೆಯಿಂದ, "ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲ ಮೇಡಂ" ಅಂದ. ಕೊಟ್ಟಿದ್ದೆನೋ ಏನೋ. 'ಒಪ್ಪಿದ್ದೇನೆ' ಎಂಬಲ್ಲಿ ಒತ್ತದೆ ಯಾವ ಫಾರ್ಮು ಮುಂದಕ್ಕೆ ಹೋಗುತ್ತದೆ ಹೇಳಿ. ಫೋನು ಆಫ್ ಮಾಡೋಣವೆಂದರೆ ನನ್ನ ಕೆಲಸವೆಲ್ಲ ಅದರಲ್ಲೇ. ಒಂದು ದಿನ ಅಕ್ಕಿ ಡಬ್ಬದೊಳಗೆ ಹೂತಿಟ್ಟೆ. ಅಲ್ಲಿಯೂ ಗುರುಗುಟ್ಟಿತು.

ಡೈರಿಯ ಸುದ್ದಿ ನಾನು ಮನೆ ಸೇರುವ ಮೊದಲೇ ನನ್ನ ಮಗನ ಕಿವಿ ಮುಟ್ಟಿತ್ತು. ಅಭಿಷೇಕ ಚನ್ನರಾಯಪಟ್ಟಣದ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿದ್ದಾನೆ. ಮಧ್ಯಾಹ್ನವೇ ರಜೆ ಹಾಕಿ ಬಂದ. ಊಟಕ್ಕೆ ಬಡಿಸಿದರೆ ತಟ್ಟೆ ಮುಟ್ಟಲಿಲ್ಲ.

"ಮೂರ್ನೇ ತಾರೀಕು ತಾಲ್ಲೂಕಾಫೀಸಲ್ಲಿ ಮೀಟಿಂಗು ಅಂದಿದ್ದಲ್ಲವ್ವ?"

"ಊಂ."

"ಇದ್ರಲ್ಲಿ ಆಸನ ಅಂತ ತೋರುಸ್ತದೆ. ಸ್ಕ್ಯಾನಿಂಗ್ ಸೆಂಟರ್ ತಾವ ಒಂದೂಮುಕ್ಕಾಲ್ ಗಂಟೆ ಇದ್ದೆ ಅಂತ." ತನ್ನ ಫೋನು ನನ್ನ ಮುಂದೆ ಹಿಡಿದ. ನನಗೆ ಫೋನು ಕೊಡಿಸಿದವನು ಅವನೇ, ತನ್ನ ಇಮೇಲ್ ಹಾಕಿಕೊಟ್ಟವನೂ ಅವನೇ. ನಾನು ಓಡಾಡಿದ್ದೆಲ್ಲ ಅವನ ಫೋನಿನ ಮ್ಯಾಪಿನಲ್ಲಿ ನೀಲಿ ಗೆರೆಯಾಗಿ ಬಿದ್ದಿತ್ತು. "ಭಾನ್ವಾರ ಅರಕಲಗೂಡಿಂದ ಎಣ್ಣಿನ್ ಕಡೆಯೋರು ಬತ್ತಾವ್ರೆ. ಯಾರ್ದವ್ವ ಅದು?"

ಕೈಯಲ್ಲಿದ್ದ ಸೌಟನ್ನು ಗೋಡೆಗೆ ಎಸೆದೆ. "ಎತ್ತವ್ವುನ್ನ ಇಂಗೆ ಕೇಳಕ್ಕೆ ನಾಚ್ಕೆ ಆಗಲ್ವೇನ್ಲಾ?"

"ನಾ ಕೇಳ್ತಿಲ್ಲ ಕಣವ್ವ, ಊರು ಕೇಳ್ತದೆ."

ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂತು. ಅನ್ನವನ್ನು ಹಾಗೇ ಬಿಟ್ಟು ರಂಜಿನಿಯ ಮನೆಗೆ ನಡೆದೆ, ಕೇಳಿಯೇ ಹೇಳೋಣವೆಂದು. ಹುಡುಗಿ ಹಿತ್ತಿಲಿನಲ್ಲಿ ಒಬ್ಬಳೇ ಬಟ್ಟೆ ಒಗೆಯುತ್ತಿದ್ದಳು. ಡೈರಿಯ ಮಾತು ಅವಳಿಗೂ ಮುಟ್ಟಿತ್ತು. "ನಿಮ್ಗೆ ಕೆಟ್ಟೆಸ್ರು ಬತ್ತಾದಲ್ಲಕ್ಕ, ಏಳ್ಬುಡಿ" ಅಂದಳು. ಅನ್ನುತ್ತಲೇ ಒದ್ದೆ ಕೈ ಹೊಟ್ಟೆಯ ಮೇಲೆ ಹೋಯಿತು. "ಬ್ಯಾಡ ಬುಡವ್ವ" ಅಂದು ವಾಪಸು ಬಂದೆ.

ಬಾಗಿಲಲ್ಲೇ ಫೋನು ಮತ್ತೆ ಬಡಿದುಕೊಂಡಿತು. ಅದೇ ಹುಡುಗಿ, ಅದೇ ಅಭಿನಂದನೆ. ಅಭಿಷೇಕ ಎದ್ದು ಬಂದ.

"ಎರಡು ಒತ್ತವ್ವ. ಉಳ್ದಿಲ್ಲ ಅಂದ್ಬುಟ್ರೆ ಫೋನ್ ಬರೋದು ನಿಲ್ತದೆ. ಊರೋರ ಬಾಯೂ ನಿಲ್ತದೆ."

ಅವನು ಹೇಳಿದ್ದು ಸರಿಯೇ. ಬೆರಳು ಎರಡರ ಮೇಲೆ ಹೋಯಿತು. ಆದರೆ ನಮ್ಮವ್ವ ಹೇಳುತ್ತಿದ್ದಳು, ತಲೆ ಮೇಲೆ ಅಸ್ತು ದೇವತೆಗಳು ತಿರುಗಾಡುತ್ತಿರುತ್ತಾರೆ, ಕೆಟ್ಟದ್ದು ಆಡಬಾರದು, ಅಸ್ತು ಅಂದುಬಿಡುತ್ತಾರೆ ಅಂತ. ಆ ಹುಡುಗಿಯ ಹೊಟ್ಟೆಯ ಮೇಲಿದ್ದ ಒದ್ದೆ ಕೈ ಕಣ್ಣ ಮುಂದೆ ಬಂತು. ಎರಡು ಸಲ ಉಳಿಯದ ಕೂಸನ್ನು ಮೂರನೇ ಸಲ ನಾನೇ ಹೇಗೆ ಇಲ್ಲ ಅನ್ನಲಿ?

"ಆಗಲ್ಲ ಕಣ್ಲಾ," ಅಂದೆ. "ಅಪಸಕುನ. ಏನಾರ ಎಚ್ಚುಕಮ್ಮಿ ಆದ್ರೆ ನಾನು ಬದ್ಕಲ್ಲ."

ಅತ್ತುಕೊಂಡೇ ಒಂದು ಒತ್ತಿದೆ. "ಧನ್ಯವಾದ ತಾಯಿ, ಮುಂದಿನ ವಾರ ಮತ್ತೆ ಕರೆ ಮಾಡುತ್ತೇವೆ" ಅಂದಿತು ಅದು.

ಅಭಿಷೇಕ ನನ್ನ ಮುಖವನ್ನೇ ನೋಡುತ್ತ ನಿಂತ. ಮತ್ತೆ ಅದೇ ಮಾತು ಕೇಳಿದ, ಆದರೆ ಈ ಸಲ ಮೆಲ್ಲಗೆ. "ಯಾರ್ದವ್ವ ಕೂಸು?"

"ಐದು ತುಂಬ್ಲಿ, ಏಳ್ತೀನಿ."

ಅವನು ಮೂಲೆಯಲ್ಲಿ ಬಿದ್ದಿದ್ದ ಸೌಟು ತಂದು ತೊಳೆದಿಟ್ಟ.

ಭಾನುವಾರ ಅರಕಲಗೂಡಿನವರು ಬರಲಿಲ್ಲ. ಯಾರಿಗೋ ಮೈಗೆ ಹುಷಾರಿಲ್ಲ ಅಂದರು. ಅಭಿಷೇಕ ಎದ್ದು ದನಕ್ಕೆ ಹುಲ್ಲು ಹಾಕಲು ಹೋದ. ನನಗಂತೂ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಮುಂದಿನ ವಾರ ಡೈರಿಗೆ ಹಾಲಿನ ಕ್ಯಾನು ಹಿಡಿದು ಅವನೂ ಜೊತೆಗೆ ಬಂದ. ಸರಿಯಾಗಿ ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ದಾಕ್ಷಾಯಣಮ್ಮ ಕತ್ತು ಉದ್ದ ಮಾಡಿದಳು. ನಾನು ಸೆರಗಿನೊಳಗೆ ಬಚ್ಚಿಡುವಷ್ಟರಲ್ಲಿ ಅಭಿಷೇಕ ಫೋನು ಕಿತ್ತುಕೊಂಡು, ತಾನೇ ಸ್ಪೀಕರ್ ಆನ್ ಮಾಡಿ, ಹದಿನಾಲ್ಕು ವಾರದ ಅಭಿನಂದನೆಯನ್ನು ಪೂರ್ತಿ ಕೇಳಿಸಿದ. ಕೇಳಿಸಿ ಒಂದು ಒತ್ತಿದ.

"ಚೆನ್ನಾಗದೆ ಕಣಕ್ಕ," ಅಂದ ದಾಕ್ಷಾಯಣಮ್ಮನಿಗೆ. ಅವಳು ತಲೆ ಬಗ್ಗಿಸಿ ಕ್ಯಾನಿನ ಮುಚ್ಚಳ ತಿರುವತೊಡಗಿದಳು.

ಈ ಸಲ ಮುದ್ದಮ್ಮ ನಗಲಿಲ್ಲ. ಹಿಂದಿನಿಂದ ನಿಟ್ಟುಸಿರು ಬಿಟ್ಟು, "ಯಾರ್ದಾರ ಆಗ್ಲಿ ಕಣ್ರವ್ವ, ಕೂಸು ಉಳ್ಕಂಡ್ರೆ ಸಾಕು" ಅಂದಳು.

"ಅಸ್ತು," ಅಂದೆ ನಾನು, ಅವಳಿಗೆ ಕೇಳಿಸುವಷ್ಟು ಜೋರಾಗಿ.